ನಿಮ್ಮ ಸಿಗರೇಟು ನನ್ನ ಬಳಿ ಭದ್ರ

ಮಾರ್ಚ್ ೪

ಭಾಮೈದನಿಗೆ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ, ನನ್ನೊಬ್ಬನನ್ನು ಬಿಟ್ಟು. ನಿನ್ನ ಅಕ್ಕ ಕ್ಷೇಮ, ಭಟ್ಟಿ ಕ್ಷೇಮ, ಬೇಕರಿಯ ಮೆಟ್ಟಿಲ ಮೇಲೆ ಮಲಗುವ ಬೆಕ್ಕೂ ಕ್ಷೇಮ. ನಾನು ಮಾತ್ರ ಹಲ್ಲುಕಡ್ಡಿ ಕಚ್ಚಿಕೊಂಡು, ಅದು ಮುರಿದರೆ ಇನ್ನೊಂದು ಕಚ್ಚಿಕೊಂಡು ದಿನ ದೂಡುತ್ತಿದ್ದೇನೆ. ನಿನ್ನೆ ಒಬ್ಬ ಗಿರಾಕಿ ಬನ್ನಿನಲ್ಲಿ ಕಡ್ಡಿಯ ಚೂರು ಸಿಕ್ಕಿತು ಎಂದು ತಂದು ತೋರಿಸಿದ. ಅದು ಯಾರದೆಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ.

ನೀನು ಆ ದೂರದ ಬಂದರಿನ ಕೆಲಸಕ್ಕೆ ರೈಲು ಹತ್ತಿದ ದಿನ ನಾವು ಮಾಡಿಕೊಂಡ ಒಪ್ಪಂದವನ್ನು ಮರೆತಿಲ್ಲ ತಾನೇ? ನನ್ನ ಪೊಟ್ಟಣದ ಕೊನೆಯ ಸಿಗರೇಟು ನಿನ್ನ ಬಳಿ, ನಿನ್ನದು ನನ್ನ ಬಳಿ. ಸೇದಲೇಬೇಕು ಅನ್ನಿಸಿದವನು ಪತ್ರ ಬರೆದು ಕೇಳಬೇಕು, ಇನ್ನೊಬ್ಬ ಮರುಮಾತಾಡದೆ ಅಂಚೆಯಲ್ಲಿ ಕಳಿಸಬೇಕು. ಅಂಗಡಿಯಲ್ಲಿ ಕೊಂಡು ಸೇದಿದರೆ ಅದು ಕಳ್ಳತನ. ನಿನ್ನದನ್ನು ಬಿಸ್ಕತ್ತಿನ ಡಬ್ಬದಲ್ಲಿ ಹಾಕಿ, ಮೇಲಿನ ಅಟ್ಟಣಿಗೆಯಲ್ಲಿ, ನನ್ನ ಕೈಗೆ ಸುಲಭಕ್ಕೆ ಎಟುಕದ ಕಡೆ ಇಟ್ಟಿದ್ದೇನೆ.

ಈ ವಿಷಯ ಫೋನಿನಲ್ಲಿ ಮಾತಾಡುವುದೇ ಬೇಡ ಎಂದು ನೀನು ಹೇಳಿದ್ದು ಸರಿ. ನಿನ್ನ ದನಿ ಕಿವಿಗೆ ಬಿದ್ದರೆ ಸಾಕು, ನನ್ನ ಇನ್ನೊಂದು ಕೈ ತಾನಾಗಿ ಬೆಂಕಿಪೊಟ್ಟಣ ಹುಡುಕುತ್ತದೆ. ನಮ್ಮಿಬ್ಬರ ಎಲ್ಲಾ ಮಾತೂ ಹೊಗೆಯಲ್ಲೇ ಆದದ್ದಲ್ಲವೇ? ಪೆನ್ನು ಹಿಡಿದರೆ ಬೆರಳುಗಳಿಗೆ ಬೇರೆ ಕೆಲಸವಾದರೂ ಸಿಗುತ್ತದೆ.

ಸಿಗರೇಟು ಬಿಡಿಸಿದ ಡಾಕ್ಟರ ಮಾತು ಇನ್ನೂ ಕಿವಿಯಲ್ಲಿದೆ. “ಊರಿಗೆಲ್ಲ ಬ್ರೆಡ್ ಉಬ್ಬಿಸಿ ಕೊಡ್ತೀರಿ, ಈ ಬಲೂನ್ ಒಂದು ಊದಿ ನೋಡೋಣ” ಎಂದು ಕೈಗೆ ಕೊಟ್ಟರು. ಅದು ಉಬ್ಬಲಿಲ್ಲ, ನನ್ನ ಕಣ್ಣು ಉಬ್ಬಿದವು.

ನಿನ್ನ ಭಾವ

ಮಾರ್ಚ್ ೧೫

ಭಾವನವರಿಗೆ ನಮಸ್ಕಾರಗಳು.

ನಿಮ್ಮ ಸಿಗರೇಟು ನನ್ನ ಬಳಿ ಭದ್ರವಾಗಿದೆ. ಸೋಪಿನ ಡಬ್ಬಿಯಲ್ಲಿ, ಟ್ರಂಕಿನ ತಳದಲ್ಲಿ, ಚಳಿಗಾಲದ ಸ್ವೆಟರಿನ ಕೆಳಗೆ.

ನನ್ನ ಕೆಲಸದ ಜಾಗ ಹೇಳುತ್ತೇನೆ ಕೇಳಿ. ಹಡಗಿನಿಂದ ಕಂಟೇನರುಗಳನ್ನು ಎತ್ತಿ ದಡಕ್ಕಿಡುವ ದೊಡ್ಡ ಕ್ರೇನು. ಅದರ ನೆತ್ತಿಯಲ್ಲಿ ಗಾಜಿನ ಗೂಡಿನಂಥ ಕ್ಯಾಬಿನ್ನು. ಕಬ್ಬಿಣದ ಏಣಿ ಹತ್ತಿ ಒಮ್ಮೆ ಕುಳಿತರೆ ಪಾಳಿ ಮುಗಿಯುವ ತನಕ ಇಳಿಯುವ ಮಾತಿಲ್ಲ. ನಾನು ಮೊದಲಿದ್ದ ನಿಮ್ಮೂರಿನ ಹಳೆಯ ಬಂದರಿನಲ್ಲಿ ಒಂದು ಹಡಗು ಹೋಗಿ ಇನ್ನೊಂದು ಬರುವ ನಡುವೆ ನನ್ನ ಜೊತೆಗಾರ ಸಿಗರೇಟೇ ಆಗಿತ್ತು. ಈಗ ಆ ಖಾಲಿ ಹೊತ್ತಿನಲ್ಲಿ ನಾನು ಹಾಡುತ್ತೇನೆ. ಮೊದಲ ವಾರ ಒಂದು ಎಡವಟ್ಟಾಯಿತು. ರೇಡಿಯೋದ ಗುಂಡಿ ಒತ್ತಿಕೊಂಡೇ ಇತ್ತು, ಇಡೀ ಬಂದರು ನನ್ನ ಸಂಗೀತ ಕೇಳಿತು. ಹಡಗಿನ ಕಪ್ತಾನನೊಬ್ಬ ಯಾರಿಗೋ ಪೆಟ್ಟಾಗಿದೆ ಎಂದು ತಿಳಿದು ಆಂಬುಲೆನ್ಸಿಗೆ ಹೇಳಿದನಂತೆ. ಇಲ್ಲಿ ಈಗ ನನ್ನನ್ನು ಎಲ್ಲರೂ ಕರೆಯುವುದು ‘ಗವಾಯಿ’ ಎಂದು.

ಆಸೆ ಬರುತ್ತದೆ ಭಾವ, ಸುಳ್ಳು ಹೇಳಲಾರೆ. ಬಂದಾಗ ನಿಮ್ಮನ್ನು ನೆನೆಸಿಕೊಳ್ಳುತ್ತೇನೆ. ಅಷ್ಟು ದೂರದಲ್ಲಿ ಒಬ್ಬ ದಪ್ಪ ಮನುಷ್ಯ ಹಲ್ಲುಕಡ್ಡಿ ಕಚ್ಚಿಕೊಂಡು ಕಾದಿದ್ದಾನೆ, ನಾನು ಮೊದಲು ಸೋತರೆ ಅವನು ಸಾಯುವ ತನಕ ಆಡಿಕೊಳ್ಳುತ್ತಾನೆ ಎಂದುಕೊಂಡ ಕೂಡಲೇ ಆಸೆ ಇಳಿಯುತ್ತದೆ.

ಅಕ್ಕನಿಗೆ ನಮಸ್ಕಾರ ಹೇಳಿ.

ಗವಾಯಿ

ಮಾರ್ಚ್ ೩೦

ಗವಾಯಿಗಳಿಗೆ,

ನಾನು ದಪ್ಪ ಎಂದು ಬರೆದದ್ದನ್ನು ನಿನ್ನ ಅಕ್ಕ ಗಟ್ಟಿಯಾಗಿ ಎರಡು ಸಲ ಓದಿಸಿದಳು. ಇರಲಿ. ಇವತ್ತು ಕೋಪವಿಲ್ಲ. ಇವತ್ತು ಹಬ್ಬ.

ನನ್ನ ಮೂಗು ವಾಪಸು ಬಂದಿದೆ ಕಣೋ! ಮೊನ್ನೆ ಹಿಟ್ಟಿನ ಮೂಟೆ ಬಿಚ್ಚಿದೆ, ಬಿಸಿಲಿಗೆ ಒಣಗಿದ ಹುಲ್ಲಿನ ವಾಸನೆ ಬಂತು. ಇಷ್ಟು ವರ್ಷ ಹಿಟ್ಟಿಗೆ ವಾಸನೆಯೇ ಇಲ್ಲ ಎಂದುಕೊಂಡಿದ್ದೆ. ಆಮೇಲೆ ನಿನ್ನ ಅಕ್ಕ ಪಕ್ಕದಲ್ಲಿ ಹಾದು ಹೋದಳು, ಅವಳಿಂದ ಏನೋ ಘಮ. ಹೊಸ ಸೋಪು ತಂದೆಯಾ ಎಂದು ಕೇಳಿದೆ. “ಮದುವೆಯಾದಾಗಿಂದ ಅದೇ ಸೋಪು ರೀ” ಎಂದಳು. ಯಾಕೋ ಆಮೇಲೆ ಸ್ವಲ್ಪ ಹೊತ್ತು ನನ್ನ ಕಡೆ ತಿರುಗಲಿಲ್ಲ.

ಮೂಗಿಗಿಂತ ದೊಡ್ಡ ಸುದ್ದಿ ನಾಲಿಗೆಯದು. ನನ್ನ ಗುರು, ಆ ಹಳೆ ಬೇಕರಿಯ ಮುದುಕ, ತಕ್ಕಡಿಯನ್ನು ಹತ್ತಿರ ಸೇರಿಸುತ್ತಿರಲಿಲ್ಲ. ಸಂಜೆ ಹಂಡೆಯಲ್ಲಿ ಉಪ್ಪುನೀರು ಕದಡಿ, ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿ, ನಾಲಿಗೆ ಸಾಕು ಅಂದಾಗ ನಿಲ್ಲಿಸಬೇಕು. ಬೆಳಗಿನ ಜಾವ ಆ ನೀರಲ್ಲೇ ಹಿಟ್ಟು ನಾದಬೇಕು. ನಾನೂ ಇಂದಿನವರೆಗೆ ಹಾಗೇ ಮಾಡಿದವನು. ಈ ವಾರ ನೋಡುತ್ತೇನೆ, ಮೊದಲು ಹಾಕುತ್ತಿದ್ದ ಉಪ್ಪಿನ ಅರ್ಧ ದಾಟುವ ಹೊತ್ತಿಗೇ ನಾಲಿಗೆ ಸಾಕು ಎನ್ನುತ್ತಿದೆ. ಎಚ್ಚೆತ್ತ ನಾಲಿಗೆ! ಇನ್ನು ನನ್ನ ಬ್ರೆಡ್ಡಿನ ರುಚಿ ನೋಡು.

ರುಚಿ ನೋಡು ಎಂದೆ, ಆದರೆ ನಾನು ತಿನ್ನುವುದಿಲ್ಲ ಎಂದು ನಿನಗೆ ಗೊತ್ತು. ಬೆಳಗ್ಗೆಯಿಂದ ಅದರ ಜೊತೆ ಗುದ್ದಾಡಿದವನಿಗೆ ಅದನ್ನೇ ತಿನ್ನಲು ಮನಸ್ಸು ಬರುವುದಿಲ್ಲ.

ಭಾವ

ಏಪ್ರಿಲ್ ೧೧

ಭಾವನವರಿಗೆ,

ನಿಮ್ಮ ಮೂಗಿನ ಮರುಪ್ರವೇಶ ಓದಿ ತುಂಬಾ ಸಂತೋಷವಾಯಿತು. ನನಗಿಲ್ಲಿ ವಾಸನೆ ಎಂದರೆ ಡೀಸೆಲ್ಲು ಮತ್ತು ಮೀನು. ಎರಡೂ ಈಗ ಜೋರಾಗಿ ಬರುತ್ತಿವೆ, ನನಗೇನೂ ಅಂಥ ಲಾಭವಾದ ಹಾಗೆ ಕಾಣಲಿಲ್ಲ.

ಒಂದು ಮಾತು ಕೇಳುತ್ತೇನೆ, ತಪ್ಪು ತಿಳಿಯಬೇಡಿ. ಸಂಜೆ ಕದಡಿದ ಉಪ್ಪುನೀರನ್ನು ಬೆಳಗ್ಗೆ ನಾದುವ ಮೊದಲು ಇನ್ನೊಂದು ಸಲ ನಾಲಿಗೆಗೆ ಹಚ್ಚಿ ನೋಡುವ ರೂಢಿ ನಿಮಗಿದೆಯೇ? ಇಲ್ಲದಿದ್ದರೆ ಮಾಡಿಕೊಂಡರೆ ಒಳ್ಳೆಯದೇನೋ. ಸುಮ್ಮನೆ ಹೇಳಿದೆ.

ಕೆಲಸ ಜಾಸ್ತಿ, ಇಷ್ಟಕ್ಕೆ ನಿಲ್ಲಿಸುತ್ತೇನೆ. ನಿಮ್ಮದು ಭದ್ರವಾಗಿದೆ.

ಗವಾಯಿ

ಏಪ್ರಿಲ್ ೨೧

ಭಾಮೈದನಿಗೆ,

ಕ್ರೇನು ನಡೆಸುವವನು ಬೇಕರಿಯವನಿಗೆ ಉಪ್ಪಿನ ಪಾಠ ಹೇಳುವ ಕಾಲ ಬಂತು. ಬೆಳಗ್ಗೆ ಮತ್ತೆ ನೋಡುವುದೇನು? ರಾತ್ರಿ ಉಪ್ಪು ಎದ್ದು ನಡೆದುಹೋಗುತ್ತದೆಯೇ?

ಹೀಗೆ ಸಿಡುಕಿದ್ದಕ್ಕೆ ಕಾರಣವಿದೆ. ಬ್ರೆಡ್ಡು ಚಪ್ಪೆ ಎಂದು ದೂರು ಬರುತ್ತಿದೆ. ಒಬ್ಬಿಬ್ಬರಲ್ಲ, ಬಂದವರೆಲ್ಲ ಅದೇ ಮಾತು. ಮೂಲೆಮನೆಯ ಲೆಕ್ಕದ ಮೇಷ್ಟ್ರು ಗೊತ್ತಲ್ಲ, ನಗದೆ ಜೋಕು ಹೇಳುವವರು, ನಿನ್ನೆ ಒಂದು ತುಂಡು ಬಾಯಿಗೆ ಹಾಕಿಕೊಂಡು “ಇದನ್ನ ತಿನ್ನೋದೋ, ದಿಂಬಿಗೆ ತುಂಬೋದೋ?” ಎಂದು ಕೇಳಿದರು. ಆಸ್ಪತ್ರೆಯ ಕ್ಯಾಂಟೀನಿನವನು ರೋಗಿಗಳೂ ಬೇಡ ಎನ್ನುತ್ತಿದ್ದಾರೆ ಅಂದ. ಉಪ್ಪಿಲ್ಲದ ಗಂಜಿಗೆ ಒಗ್ಗಿದ ರೋಗಿಗಳು!

ಕೊನೆಗೆ ನಾನೇ ಒಂದು ತುಂಡು ತಿಂದೆ. ಚಪ್ಪೆಯೇ. ಆದರೆ ಸಂಜೆ ಅದೇ ನಾಲಿಗೆಗೆ ಉಪ್ಪುನೀರು ಮುಟ್ಟಿಸಿದರೆ ಸರಿಯಾಗಿದೆ ಅನ್ನುತ್ತದೆ. ನೀರಿಗೆ ಒಂದು ಹೇಳುವ ನಾಲಿಗೆ ಬ್ರೆಡ್ಡಿಗೆ ಇನ್ನೊಂದು ಹೇಳಿದರೆ ಯಾವುದನ್ನು ನಂಬಲಿ?

ಎದುರಿನ ಅಂಗಡಿಯವನು ನನ್ನ ಮುಖ ನೋಡಿ, “ಬಿಟ್ಟಿದ್ದಕ್ಕೇ ಹಿಂಗಾಗಿರೋದು, ಒಂದು ಎಳೀರಿ, ಕೈ ಮೊದಲಿನ ಹಾಗಾಗುತ್ತೆ” ಎಂದ. ನಾನು ನಕ್ಕೆ. ಆದರೆ ಆ ಮಾತು ಚಪ್ಪಲಿಯೊಳಗಿನ ಕಲ್ಲಿನ ಹಾಗೆ ದಿನವೆಲ್ಲ ಚುಚ್ಚಿತು.

ಭಾವ

ಏಪ್ರಿಲ್ ೩೦ (ಕಾರ್ಡು)

ಭಾವ, ಧೈರ್ಯವಾಗಿರಿ. ಉಪ್ಪಿನಲ್ಲಿ ಏನೂ ಬದಲಿಸಬೇಡಿ. ಎರಡು ದಿನದಲ್ಲಿ ತಾನಾಗಿ ಸರಿಹೋಗುತ್ತದೆ. ಹೇಗೆ ಗೊತ್ತು ಎಂದು ಮಾತ್ರ ಕೇಳಬೇಡಿ. – ಗ.

ಮೇ ೩

ಭಾಮೈದನಿಗೆ,

ಈ ಪತ್ರ ಬರೆಯಬಾರದು ಎಂದು ಬಹಳ ಪ್ರಯತ್ನಪಟ್ಟೆ.

ಮೊನ್ನೆ ಸಂಜೆ ಇನ್ನು ತಡೆಯಲಾಗದೆ ಹಂಡೆಗೆ ಬೊಗಸೆ ಬೊಗಸೆ ಉಪ್ಪು ಸುರಿದೆ. ಮಾರನೇ ದಿನದ ಬ್ರೆಡ್ಡು ಸಮುದ್ರ. ಲೆಕ್ಕದ ಮೇಷ್ಟ್ರು ಅಂಗಡಿಯ ಮುಂದೆಯೇ ಉಗುಳಿ, ನೀರು ಕೇಳಿ ಕುಡಿದು, ಒಂದು ಜೋಕೂ ಹೇಳದೆ ಹೋದರು. ಅವರು ಸುಮ್ಮನೆ ಹೋದದ್ದೇ ನನಗೆ ಹೆಚ್ಚು ನೋವು ಮಾಡಿತು. ಅವತ್ತು ಸಂಜೆ ಉಪ್ಪನ್ನು ಮತ್ತೆ ನಾಲಿಗೆ ಸಾಕು ಅಂದಷ್ಟಕ್ಕೆ ಇಳಿಸಿದೆ. ಇವತ್ತು ನೋಡಿದರೆ ಮತ್ತೆ ಚಪ್ಪೆ, ದಿಂಬಿನ ಹತ್ತಿ. ನಡುವೆ ಎಲ್ಲೂ ನಿಲ್ಲುತ್ತಿಲ್ಲ. ನಿನ್ನ ಅಕ್ಕನನ್ನು ಕೇಳಿದರೆ ನೆಲ ನೋಡುತ್ತಾಳೆ. ಅವಳಿಗೂ ನನ್ನ ಮೇಲೆ ನಂಬಿಕೆ ಹೋಯಿತೇನೋ.

ನನಗೆ ಈ ಒಂದು ವಿದ್ಯೆ ಬಿಟ್ಟು ಬೇರೆ ಬರುವುದಿಲ್ಲ. ಓದಿಲ್ಲ, ಬರೆದದ್ದು ನಿನಗೆ ಮಾತ್ರ. ನನ್ನ ಬ್ರೆಡ್ಡಿಗೆ ಹೆಸರು ಬಂದ ವರ್ಷಗಳಲ್ಲೆಲ್ಲ ಬಾಯಲ್ಲಿ ಸಿಗರೇಟು ಇತ್ತು. ಅದು ಹೋಯಿತು, ಕೈಗುಣವೂ ಹೋಯಿತು. ಎದೆಗೆ ಒಳ್ಳೆಯದಾಗಿ ಹೊಟ್ಟೆಗೆ ಕೆಟ್ಟದ್ದಾದರೆ ಯಾವ ಪುರುಷಾರ್ಥ?

ಅಂಗಡಿಯಲ್ಲಿ ಕೊಂಡು ಸೇದಬಹುದು, ರಸ್ತೆ ದಾಟಿದರೆ ಸಾಕು. ಆದರೆ ಅದು ಕಳ್ಳತನ, ಮಾತು ಕೊಟ್ಟಿದ್ದೇನೆ. ನಿನ್ನ ಹತ್ತಿರ ಇರುವುದು ನನ್ನದು. ಅದನ್ನು ಕಳಿಸು.

ಭಾವ

ಮೇ ೨೨

ನಂಬಿಕಸ್ಥ ಭಾಮೈದನಿಗೆ,

ಒಂದು ಸಿಗರೇಟು ಬರಲು ಇಷ್ಟು ದಿನ ಬೇಕೇ? ನಿನ್ನ ಕ್ರೇನಿನಲ್ಲಿ ಎತ್ತಿ ಕಳಿಸುತ್ತಿದ್ದೀಯಾ? ಬಂದದ್ದು ಒಂದು ಕಾರ್ಡು, ಅದರಲ್ಲಿ ಜ್ಯೋತಿಷ್ಯ. ‘ಎರಡು ದಿನದಲ್ಲಿ ತಾನಾಗಿ ಸರಿಹೋಗುತ್ತದೆ.’ ಯಾವ ಎರಡು ದಿನ ಅಂತ ಬರೆಯಲು ಜಾಗ ಸಾಲಲಿಲ್ಲವೇ?

ನನಗೆ ಅರ್ಥವಾಗಿದೆ. ಅದು ಸೋಪಿನ ಡಬ್ಬಿಯಲ್ಲಿ ಇಲ್ಲ. ನೀನು ಸೇದಿಬಿಟ್ಟಿದ್ದೀಯ, ಆ ಗಾಜಿನ ಗೂಡಿನಲ್ಲಿ ಕುಳಿತು, ನನ್ನದನ್ನು. ಕಾಯಲು ಇಟ್ಟವನೇ ಕದ್ದರೆ ಯಾರಿಗೆ ಹೇಳಲಿ?

ಮೊನ್ನೆ ಈ ಕೋಪದಲ್ಲೇ ರಸ್ತೆ ದಾಟಿ ಎದುರಿನ ಅಂಗಡಿಗೆ ಹೋದೆ. ಅವನು ಕೇಳುವ ಮೊದಲೇ ನನ್ನ ಹಳೆ ಬ್ರಾಂಡು ತೆಗೆದು ಗಾಜಿನ ಮೇಲಿಟ್ಟ, ಜೊತೆಗೆ ಬೆಂಕಿಪೊಟ್ಟಣ. ಪೊಟ್ಟಣದ ಮೇಲೆ ಕೈ ಇಟ್ಟೆ. ಆಗ ನಿನ್ನ ನೆನಪಾಯಿತು. ನಾನೂ ಸೇದಿದರೆ ನಿನ್ನನ್ನು ಬಯ್ಯುವ ಹಕ್ಕು ಹೋಗುತ್ತದಲ್ಲ! ಇಷ್ಟು ಚೆಂದದ ಬೈಗುಳಗಳನ್ನು ಕೂಡಿಸಿಟ್ಟಿದ್ದೇನೆ. ಕೈ ಪಕ್ಕಕ್ಕೆ ಸರಿಸಿ ನಿನ್ನ ಅಕ್ಕನ ಸೋಪು ಒಂದು ಕೊಡಿ ಎಂದೆ.

ಬ್ರೆಡ್ಡು ದಿನಕ್ಕೊಂದು ತರ. ಇವತ್ತೇನು ಲಾಟರಿ ಎಂದು ನೋಡಲೆಂದೇ ಕೆಲವರು ಬರುತ್ತಾರೆ. ಕ್ಯಾಂಟೀನಿನವನು ಇನ್ನು ಹದಿನೈದು ದಿನ ನೋಡಿ ಆಮೇಲೆ ನಿಲ್ಲಿಸುತ್ತಾನಂತೆ.

ಬೆಂಕಿಪೊಟ್ಟಣ ಮುಟ್ಟದ ನಿನ್ನ ಭಾವ

ಮೇ ೨೪

ಭಾವನವರಿಗೆ,

ಈ ಲಕೋಟೆಯೊಳಗೆ ಹಲ್ಲುಜ್ಜುವ ಬ್ರಷ್ಷಿನ ಕೊಳವೆಯಿದೆ. ಅದರೊಳಗೆ ನಿಮ್ಮ ಸಿಗರೇಟಿದೆ. ಕೊಟ್ಟ ಮಾತು ಕೊಟ್ಟದ್ದೇ. ಆದರೆ ಕೊಳವೆ ತೆರೆಯುವ ಮೊದಲು ಇದನ್ನು ಓದಿ ಮುಗಿಸಿ, ದಮ್ಮಯ್ಯ.

ತಡವಾಯಿತು. ನಿಮ್ಮ ಪತ್ರ ಬಂದ ದಿನವೇ ಅಂಚೆಗೆ ಹಾಕಲು ಅದನ್ನು ಜೇಬಿನಲ್ಲಿಟ್ಟುಕೊಂಡೆ. ಕೆಲಸದ ವೇಳೆಯಾಯಿತು, ಜೇಬಿನಲ್ಲೇ ಇಟ್ಟುಕೊಂಡು ಏಣಿ ಹತ್ತಿದೆ. ಹಡಗು ಬರುವುದು ತಡ, ಸುತ್ತ ಯಾರೂ ಇಲ್ಲ, ಹಿಂದಿನ ಪಾಳಿಯವನು ಮರೆತು ಹೋದ ಲೈಟರು ಕಣ್ಣೆದುರಿಗೆ. ಭಾವ, ಅದನ್ನು ಮೂಗಿನ ಹತ್ತಿರ ಹಿಡಿದುಕೊಂಡು ಎಷ್ಟು ಹೊತ್ತು ಕುಳಿತಿದ್ದೆನೋ ಗೊತ್ತಿಲ್ಲ. ನನ್ನದಾಗಿದ್ದರೆ ಸೇದಿಬಿಡುತ್ತಿದ್ದೆ. ನಿಮ್ಮದು ಎಂಬ ಕಾರಣಕ್ಕೆ ಮತ್ತೆ ಜೇಬಿಗೆ ಹಾಕಿದೆ. ರೇಡಿಯೋದ ಗುಂಡಿ ಬೇಕೆಂದೇ ಒತ್ತಿ ಹಾಡತೊಡಗಿದೆ. ಕೆಳಗಿನಿಂದ ಎಲ್ಲರೂ ಬಯ್ದರು. ಬೈಗುಳ ಕೇಳುತ್ತಾ ಕೇಳುತ್ತಾ ಆಸೆ ಇಳಿಯಿತು. ಹೀಗೇ ಮೂರು ಪಾಳಿ ಕಳೆದೆ, ಅಂಚೆ ಕಚೇರಿಯ ಬಾಗಿಲವರೆಗೆ ಹೋಗಿ ವಾಪಸು ಬಂದೆ. ಕಳಿಸಿದರೆ ನೀವು ಸೇದುತ್ತೀರಿ, ಕಳಿಸದಿದ್ದರೆ ನಾನು ಮಾತಿಗೆ ತಪ್ಪುತ್ತೇನೆ.

ಇನ್ನೂ ಒಂದು ಕಾರಣವಿತ್ತು. ಈಗ ಬರೆಯುವುದನ್ನು ಬರೆಯಲು ಅಕ್ಕನ ಅಪ್ಪಣೆ ಬೇಕಿತ್ತು. ಅವಳು ಒಪ್ಪಿದ್ದು ನಿನ್ನೆ.

ಭಾವ, ನಿಮ್ಮ ಉಪ್ಪು ರಾತ್ರಿ ಎದ್ದು ನಡೆದುಹೋಗುತ್ತಿರಲಿಲ್ಲ. ಅಕ್ಕ ಅದನ್ನು ಹೊರಗೆ ಚೆಲ್ಲುತ್ತಿದ್ದಳು.

ಕೋಪ ಮಾಡಿಕೊಳ್ಳಬೇಡಿ. ಎಷ್ಟೋ ವರ್ಷದ ಹಿಂದೆ, ಸಿಗರೇಟು ಜಾಸ್ತಿಯಾದ ಹಾಗೆ ನಿಮ್ಮ ನಾಲಿಗೆ ಮಂದವಾಯಿತು, ಉಪ್ಪು ಏರುತ್ತಾ ಹೋಯಿತು. ಅಕ್ಕ ಒಂದು ಸಲ ಹೇಳಿದಳಂತೆ. “ನನ್ನ ನಾಲಿಗೆಗೇ ಪಾಠ ಹೇಳ್ತೀಯಾ?” ಎಂದು ನೀವು ಎರಡು ದಿನ ಮಾತು ಬಿಟ್ಟಿರಂತೆ. ಅಲ್ಲಿಂದ ಅವಳು ಹೇಳುವುದನ್ನು ಬಿಟ್ಟಳು. ಭಟ್ಟಿ ಹೊತ್ತಿಸಲು ನಿಮಗಿಂತ ಮೊದಲು ಏಳುತ್ತಾಳಲ್ಲ, ಆಗ ಹಂಡೆಯಿಂದ ಎರಡು ದೊಡ್ಡ ಚೊಂಬು ಉಪ್ಪುನೀರು ಚೆಲ್ಲಿ ಎರಡು ಚೊಂಬು ಸಪ್ಪೆ ನೀರು ಹಾಕುತ್ತಿದ್ದಳು. ಊರು ಹೊಗಳಿದ್ದು ಆ ಬ್ರೆಡ್ಡನ್ನು. ನಿಮ್ಮ ಮನೆಯಲ್ಲಿದ್ದಾಗ ಒಂದು ಬೆಳಗ್ಗೆ ನಾನು ನೋಡಿಬಿಟ್ಟೆ, ಯಾರಿಗೂ ಹೇಳಬಾರದು ಎಂದು ಆಣೆ ಹಾಕಿಸಿದಳು.

ಈಗ ಅರ್ಥವಾಯಿತೇ? ನಿಮ್ಮ ನಾಲಿಗೆ ಸರಿಯಾಯಿತು, ಅಕ್ಕನ ಚೊಂಬು ಮಾತ್ರ ಹಳೆಯ ಲೆಕ್ಕದಲ್ಲೇ ನಡೆಯಿತು. ಅದಕ್ಕೇ ಚಪ್ಪೆ. ನಾನು ಬುದ್ಧಿವಂತಿಕೆ ಮಾಡಿ, ನಿಮಗೆ ಹೇಳದೆ ಅಕ್ಕನಿಗೆ ಫೋನು ಮಾಡಿ, ಇನ್ನು ಚೆಲ್ಲಬೇಡ ಎಂದೆ. ಅವಳು ನಿಲ್ಲಿಸಿದ ದಿನವೇ ನೀವು ಬೊಗಸೆ ಬೊಗಸೆ ಸುರಿದಿರಿ. ಅದು ಸಮುದ್ರವಾದದ್ದು ನೋಡಿ ಅವಳು ಹೆದರಿ ಮತ್ತೆ ಚೊಂಬು ಹಿಡಿದಳು, ನೀವು ಉಪ್ಪು ಇಳಿಸಿದಿರಿ. ಅಲ್ಲಿಂದ ನೀವು ಸಂಜೆ ಸರಿಮಾಡುವುದು, ಅವಳು ಬೆಳಗ್ಗೆ ಸರಿಮಾಡುವುದು. ಇಬ್ಬರು ಸೇರಿ ತಿದ್ದಿ ತಿದ್ದಿ ಕೆಡಿಸಿದ್ದೀರಿ.

ಕೈಗುಣ ಹೋಗಿಲ್ಲ ಭಾವ. ಇಷ್ಟು ವರ್ಷಗಳಲ್ಲಿ ನಿಮ್ಮ ನಾಲಿಗೆ ನಿಜ ಹೇಳುತ್ತಿರುವುದು ಈಗಲೇ. ಸಿಗರೇಟು ನಿಮ್ಮದು, ಕೊಳವೆಯ ಮುಚ್ಚಳ ಎಡಕ್ಕೆ ತಿರುಗಿಸಿ ತೆಗೆಯಬೇಕು. ಏನು ಮಾಡುತ್ತೀರೋ ನಿಮಗೆ ಬಿಟ್ಟದ್ದು.

ನಿಮ್ಮ ಗವಾಯಿ

ಜೂನ್ ೫

ಪ್ರೀತಿಯ ಭಾಮೈದನಿಗೆ,

ಮೊದಲು ಪತ್ರ ಓದಿ ಎಂದು ನೀನು ಬರೆದಿದ್ದೆ. ನಾನು ಮೊದಲು ಕೊಳವೆ ತೆರೆದೆ. ನೀನಾದರೂ ಅದನ್ನೇ ಮಾಡುತ್ತಿದ್ದೆ.

ಮೂಸಿದೆ. ಇದೇನಾ ಅದು? ನೆನೆದ ಗೋಣಿಚೀಲದ ವಾಸನೆ. ಆದರೂ ಕೈ ಬಿಡಲು ಮನಸ್ಸಾಗಲಿಲ್ಲ, ಕಿವಿಯ ಹಿಂದೆ ಸಿಕ್ಕಿಸಿಕೊಂಡು ಪತ್ರ ಬಿಚ್ಚಿದೆ. ‘ಅಕ್ಕ ಅದನ್ನು ಹೊರಗೆ ಚೆಲ್ಲುತ್ತಿದ್ದಳು’ ಎಂಬಲ್ಲಿ ನಿಂತು ಮೂರು ಸಲ ಓದಿದೆ. ಮೊದಲ ಸಲ ಮೈ ಉರಿಯಿತು. ಎರಡನೆಯ ಸಲ ನಾಚಿಕೆಯಾಯಿತು. ಮೂರನೆಯ ಸಲ, ಪ್ರತಿ ದಿನ ಬೆಳಗಿನ ಜಾವದ ಚಳಿಯಲ್ಲಿ ಅವಳು ಚೊಂಬು ಹಿಡಿದು ಸದ್ದಾಗದ ಹಾಗೆ ಹಂಡೆಯ ಹತ್ತಿರ ಹೋಗುವುದು ಕಣ್ಣಿಗೆ ಕಟ್ಟಿತು. ಊರು ನನ್ನನ್ನು ಹೊಗಳುವಾಗ ಪಕ್ಕದಲ್ಲೇ ನಿಂತು ಬನ್ನು ಕಟ್ಟಿಕೊಡುತ್ತಿದ್ದಳು ಕಣೋ, ಒಂದು ದಿನವೂ ತುಟಿ ಬಿಚ್ಚಲಿಲ್ಲ.

ಅಂಗಡಿಯ ಹಿಂದೆ ಹೋದೆ. ಟ್ರೇ ಉಜ್ಜುತ್ತಿದ್ದಳು. ನನ್ನ ಕೈಯಲ್ಲಿ ನಿನ್ನ ಪತ್ರ, ಕಿವಿಯ ಹಿಂದೆ ಸಿಗರೇಟು. ಎರಡನ್ನೂ ನೋಡಿದಳು.

“ಯಾಕೆ ಹೇಳಲಿಲ್ಲ?” ಎಂದೆ.

“ಹೇಳಿದ್ರೆ ಆ ಕೋಪಕ್ಕೆ ಇನ್ನೆರಡು ಸೇದ್ತಿದ್ರಿ” ಎಂದಳು.

ನಿಜ ತಾನೇ. ನಗು ಬಂತು. ಅವಳೂ ನಕ್ಕಳು. ಎಷ್ಟು ನಕ್ಕೆವೆಂದರೆ ನನಗೆ ಕೆಮ್ಮು ಬರಬೇಕಿತ್ತು, ಬರಲಿಲ್ಲ. ಅದನ್ನು ಅವಳೇ ಮೊದಲು ಗಮನಿಸಿದ್ದು.

ಅವತ್ತು ಸಂಜೆ ನನ್ನ ನಾಲಿಗೆ ಸಾಕು ಅಂದಲ್ಲಿಗೆ ಉಪ್ಪು ನಿಲ್ಲಿಸಿದೆ. ಬೆಳಗ್ಗೆ ಅವಳ ಹಿಂದೆಯೇ ನಾನೂ ಎದ್ದೆ. ಅಭ್ಯಾಸ ನೋಡು, ಚೊಂಬು ಹಿಡಿದು ಹಂಡೆಯ ಮುಂದೆ ನಿಂತಿದ್ದಾಳೆ, ಮಾಡಲು ಕೆಲಸವಿಲ್ಲ. ನೀನೇ ನೋಡಿ ಹೇಳು ಎಂದೆ. ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿಕೊಂಡು ಬಹಳ ಹೊತ್ತು ಯೋಚಿಸಿದಳು, ಬೇಕೆಂದೇ ಕಾಯಿಸಿದಳು. ಆಮೇಲೆ ಚೊಂಬು ಕೆಳಗಿಟ್ಟು, “ಸರಿಯಾಗಿದೆ ರೀ” ಎಂದಳು.

ನನ್ನ ಗುರು ಕೂಡ ನನಗೆ ಆ ಮಾತು ಹೇಳಿರಲಿಲ್ಲ. ಕಣ್ಣಲ್ಲಿ ನೀರು ಬಂತು. ಭಟ್ಟಿಯ ಹೊಗೆ ಎಂದೆ. ಭಟ್ಟಿ ಇನ್ನೂ ಹೊತ್ತಿಸಿರಲಿಲ್ಲ.

ಬ್ರೆಡ್ಡಿನ ಸುದ್ದಿ ಕೇಳುವುದೇ ಬೇಡ. ಲೆಕ್ಕದ ಮೇಷ್ಟ್ರು ಒಂದು ತುಂಡು ತಿಂದು, ಇನ್ನೊಂದೂ ತಿಂದು, “ಇವತ್ತು ದಿಂಬಿಗೆ ಉಳಿಯಲ್ಲ” ಎಂದರು. ಕ್ಯಾಂಟೀನಿನವನು ಮೊದಲಿಗಿಂತ ಒಂದು ಟ್ರೇ ಜಾಸ್ತಿ ಕೇಳಿದ್ದಾನೆ.

ಇನ್ನು ಸಿಗರೇಟು. ಭಟ್ಟಿಗೆ ಎಸೆಯಿರಿ ಎಂದಳು ನಿನ್ನ ಅಕ್ಕ. ಬೇಡ ಎಂದೆ. ಇನ್ನು ಮುಂದೆ ಆಸೆಯೇ ಬರುವುದಿಲ್ಲ ಎಂದು ಹೇಳುವಷ್ಟು ದೊಡ್ಡ ಮನುಷ್ಯ ನಾನಲ್ಲ. ನಾಳೆಯೇ ಬಂದೀತು. ಬಂದಾಗ, ನನ್ನದು ಒಂದಿದೆ, ನಂಬಿಕಸ್ಥನ ಹತ್ತಿರ ಇದೆ, ಕೇಳಿದರೆ ಕೊಡುತ್ತಾನೆ ಎಂದುಕೊಂಡರೆ ಇವತ್ತು ಬೇಡ ಎನ್ನುವುದು ಸುಲಭವಾಗುತ್ತದೆ. ಅದೇ ಕೊಳವೆಯಲ್ಲಿ ವಾಪಸು ಕಳಿಸಿದ್ದೇನೆ. ಮತ್ತೆ ಸೋಪಿನ ಡಬ್ಬಿಗೆ ಹಾಕು. ಹಿಂದಿನ ಪತ್ರದಲ್ಲಿ ನಿನ್ನನ್ನು ಕಳ್ಳ ಎಂದದ್ದಕ್ಕೆ ಬೇರೆ ಕ್ಷಮೆ ಕೇಳುವುದಿಲ್ಲ, ಕಳ್ಳನ ಕೈಗೆ ಯಾರೂ ಎರಡನೆಯ ಸಲ ಒಪ್ಪಿಸುವುದಿಲ್ಲ. ಜೊತೆಗೆ ಒಂದು ಬ್ರೆಡ್ಡು ಕಟ್ಟಿದ್ದೇನೆ. ತಲುಪುವಷ್ಟರಲ್ಲಿ ಇಟ್ಟಿಗೆಯಾಗಿರುತ್ತದೆ, ತಲೆಗೆ ಎಸೆಯಬೇಡ.

ಭಾವ

(ತಮ್ಮಾ, ಇವರು ಈಗ ದಿನಾ ಬೆಳಗ್ಗೆ ನನ್ನನ್ನು ಎಬ್ಬಿಸಿ ರುಚಿ ನೋಡು ಅನ್ನುತ್ತಾರೆ. ಮೊದಲು ಎರಡು ಚೊಂಬು ಚೆಲ್ಲಿ ಮುಗಿಸುತ್ತಿದ್ದೆ, ಈಗ ಹೊಗಳಿಯೂ ಹೊಗಳಬೇಕು. ಹಾಡುವಾಗ ಗುಂಡಿ ನೋಡಿಕೋ. – ಅಕ್ಕ)

ಜೂನ್ ೧೬

ಭಾವ, ಅಕ್ಕ, ಇಬ್ಬರಿಗೂ ನಮಸ್ಕಾರಗಳು.

ಕೊಳವೆ ಬಂತು. ನಿಮ್ಮ ಸಿಗರೇಟು ನನ್ನ ಬಳಿ ಭದ್ರ, ಸ್ವೆಟರಿನ ಕೆಳಗೆ. ನನ್ನದು ಅಟ್ಟಣಿಗೆಯಲ್ಲೇ ಇರಲಿ, ಈ ಪತ್ರದಲ್ಲಿ ಕೇಳುತ್ತಿಲ್ಲ.

ಬ್ರೆಡ್ಡೂ ಬಂತು. ಇಟ್ಟಿಗೆಯೇ ಆಗಿತ್ತು. ಕ್ಯಾಬಿನ್ನಿಗೆ ತೆಗೆದುಕೊಂಡು ಹೋಗಿ, ಸುತ್ತಿಗೆಯಿಂದ ಒಡೆದು, ಫ್ಲಾಸ್ಕಿನ ಬಿಸಿ ಚಹಾದಲ್ಲಿ ಅದ್ದಿ, ಹಡಗು ಕಾಯುತ್ತಾ ಒಬ್ಬನೇ ತಿಂದೆ. ಅರ್ಧ ತಿಂದ ಮೇಲೆ ರೇಡಿಯೋದಲ್ಲಿ ಕೆಳಗಿನವರು ಕೇಳಿದರು, ಗವಾಯಿ ಯಾಕೆ ಇವತ್ತು ಹಾಡುತ್ತಿಲ್ಲ, ಹುಷಾರಿಲ್ಲವೇ ಎಂದು. ಬಾಯಿ ತುಂಬಿದೆ ಎಂದೆ.

ಭಾವ, ಹಳೆಯ ಬಂದರಿನಲ್ಲಿ ಕೆಲಸಕ್ಕೆ ಸೇರಿದ ಮೊದಲ ದಿನದಿಂದ ನಿಮ್ಮ ಅಂಗಡಿಯ ಬ್ರೆಡ್ಡು ತಿಂದವನು ನಾನು. ಒಂದು ಕೈಯಲ್ಲಿ ಅದು, ಇನ್ನೊಂದು ಕೈಯಲ್ಲಿ ಸಿಗರೇಟು. ಚೆನ್ನಾಗಿದೆ ಎಂದು ನಿಮ್ಮೆದುರು ಎಷ್ಟೋ ಸಲ ಹೇಳಿದ್ದೇನೆ. ಅದರ ರುಚಿ ನನಗೆ ಗೊತ್ತಾದದ್ದು ಮೊನ್ನೆ.

ಗವಾಯಿ